ಕಂಪ್ಯೂಟರ್ ಕೆಟ್ಟಿಲ್ಲ, ಏನೋ ಹೇಳ್ಲಿಕತ್ತದ

ಲಿನಕ್ಸ್ ಹಾಕಲು ಕೂತಿರಿ, ಅರ್ಧಕ್ಕೆ ನಿಂತಿತು. ಕೂಡಲೇ "ಸರ್, ಕಂಪ್ಯೂಟರ್ ಕೆಟ್ಟದ" ಅಂತ ಓಡಿ ಬರಬೇಡಿ. ಪರದೆಯ ಮೇಲಿನ ಸಾಲನ್ನು ಇದ್ದಂಗೇ ವಹಿಯಲ್ಲಿ ಬರ್ಕೊಳ್ಳಿ.

ನಾನು ಮೊದಲು ಶಂಕೆ ಪಡೋದು ಇಳಿಸಿಕೊಂಡ ಐಎಸ್‌ಒ ಫೈಲಿನ ಮೇಲೆ. ನಡುವೆ ನೆಟ್ ಹೋದರೆ ಅದು ಅರೆಬರೆ ಇಳಿದಿರ್ತದ. ಅದರ ಎಸ್‌ಎಚ್‌ಎ-256 ಗುರುತು 64 ಅಕ್ಷರ-ಅಂಕಿಗಳದ್ದು. ಫೈಲ್ ಕೊಟ್ಟವರು ಪ್ರಕಟಿಸಿದ್ದಕ್ಕೆ ಹೋಲಿಸಿ. ಒಂದೇ ಅಂಕಿ ಬೇರೆಯಾದರೂ ಮತ್ತೆ ಇಳಿಸಿ. ಇದನ್ನು ನೋಡದೆ ಹಾರ್ಡ್‌ಡಿಸ್ಕ್ ಬಿಚ್ಚುವ ದೊಡ್ಡವರೂ ಇದ್ದಾರೆ! 32 ಬಿಟ್ ಪ್ರೊಸೆಸರ್ ಮೇಲೆ 64 ಬಿಟ್ ಲಿನಕ್ಸ್ ಅಂತೂ ನಡೆಯಂಗಿಲ್ಲ. ಬರೀ ಕಪ್ಪು ಪರದೆ ಬಂತೇ? ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ ಇಂಗ್ಲಿಷಿನಲ್ಲಿ 'ನೋಮೋಡ್‌ಸೆಟ್' ಸೇರಿಸಿ, ಎಫ್10 ಒತ್ತಿ. ಒಮ್ಮೆಗೆ ಒಂದೇ ಬದಲಾವಣೆ. ನಾಲ್ಕು ಕೂಡಿ ಮಾಡಿದರೆ ಯಾವುದರಿಂದ ಸರಿಹೋಯ್ತು ಅಂತ ತಿಳಿಯೋದು ಹೆಂಗ?

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಉಬುಂಟು ಆಧಾರಿತ ಕೈಟ್ ಲಿನಕ್ಸ್ ಮೇಲೇ ಕಲಿಯುತ್ತಾರೆ. ನಮ್ಮ ಉದಗೀರ, ಉಮರ್ಗಾ ಕಡೆ ಯಾಕಾಗಬಾರದು? ಮೂಲೆಗೆ ಬಿದ್ದ ಹಳೆ ಕಂಪ್ಯೂಟರ್ ಒಂದನ್ನು ನಿಮ್ಮ ಕೈಗೇ ಕೊಡಬೇಕು ಅಂತೀನಿ ನಾನು. ಗುರುಗಳನ್ನು ಕೇಳಿ ನೋಡಿ. ಆದರೆ 'ಡಿಸ್ಕ್ ಪೂರ್ತಿ ಅಳಿಸು' ಅನ್ನೋದನ್ನು ಒತ್ತುವ ಮುಂಚೆ ಒಳಗಿರೋ ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ತೆಗೆದಿಟ್ಟಿರಿ.