ಉಳುವವನು ಒಬ್ಬ, ಹಣ ಇನ್ನೊಬ್ಬನಿಗೆ

ಸಖರಾಯಪಟ್ಟಣದಲ್ಲಿ ಅಯ್ಯನಕೆರೆಯ ನೀರು ಹಾಯುವ ಕಡೆ ಬದುಕು ಹೇಗೋ ನಡೆದೀತು. ಅದರಾಚೆಗೆ ಮಳೆಯನ್ನೇ ನಂಬಿದ ಕಡೂರು ಸೀಮೆ. ಅಲ್ಲಿ ರಾಗಿ ಹೊಲವನ್ನು ವಾರಕ್ಕೆ ಮಾಡಿ, ಬೀಜ ಗೊಬ್ಬರವನ್ನು ಅಂಗಡಿಯಲ್ಲಿ ಕಡ ಬರೆಸಿ, ಮೋಡ ನೋಡುತ್ತ ಕೂತವನು ಒಬ್ಬ. ದೆಹಲಿ ಸರ್ಕಾರದ ಪಟ್ಟಿಯಲ್ಲಿ ರೈತನೆನಿಸಿಕೊಂಡವನು ಇನ್ನೊಬ್ಬ. ಈತ ಬೆಂಗಳೂರು ಸೇರಿ ಎಷ್ಟೋ ವರ್ಷವಾಗಿದ್ದರೂ ಪಹಣಿ ಈತನ ಹೆಸರಿನಲ್ಲಿದೆ. ಆದ್ದರಿಂದ ಕಂತಿನ 2,000 ರೂಪಾಯಿಯೂ ಈತನ ಖಾತೆಗೇ ಬೀಳುತ್ತದೆ.

ಕಿಸಾನ್ ಸಮ್ಮಾನ್ ಎಂಬ ಈ ಯೋಜನೆ 2019ರ ಫೆಬ್ರವರಿಯಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಆರಂಭವಾಯಿತು. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಮೊದಲು ಎರಡು ಹೆಕ್ಟೇರಿನೊಳಗಿನವರಿಗೆ ಮಾತ್ರ ಎಂದರು. ಚುನಾವಣೆ ಗೆದ್ದ ಮೇಲೆ ಆ ಮಿತಿಯನ್ನೂ ತೆಗೆದರು. ವರಮಾನ ತೆರಿಗೆ ಕಟ್ಟುವವರಿಗೆ ಇಲ್ಲವಂತೆ. ಆದರೆ ಬೇಸಾಯದ ವರಮಾನಕ್ಕೆ ಆ ತೆರಿಗೆಯೇ ಇಲ್ಲ! ಇಪ್ಪತ್ತು ಎಕರೆ ತೆಂಗು ಅಡಿಕೆಯ ಸಾಹುಕಾರ ಒಳಗೆ, ವಾರದ ರೈತನೂ ಕೂಲಿಯವಳೂ ಹೊರಗೆ. ನಿಯಮ ಮೀರಿ ಹಣ ಪಡೆದವರು 42 ಲಕ್ಷಕ್ಕೂ ಹೆಚ್ಚು ಮಂದಿ ಎಂದು 2021ರಲ್ಲಿ ಸರ್ಕಾರವೇ ಪಾರ್ಲಿಮೆಂಟಿನಲ್ಲಿ ಒಪ್ಪಿಕೊಂಡಿತು. ನಿಯಮದ ಪ್ರಕಾರವೇ ಅನ್ಯಾಯಕ್ಕೆ ಒಳಗಾದವರ ಲೆಕ್ಕವನ್ನು ಯಾರು ಕೇಳಿದರು?

ಮೇಷ್ಟರಾಗಿದ್ದ ಚಾಳಿ ಬಿಡದು, ಭಾಗಿಸಿ ನೋಡಿದೆವು. ದಿನಕ್ಕೆ 16 ರೂಪಾಯಿ 44 ಪೈಸೆ. ಪಡೆದವರಿಗೂ ಇಷ್ಟೇ! ಇದರ ಮೇಲೆ ರಾಜ್ಯ ಸರ್ಕಾರ 4,000 ಸೇರಿಸುತ್ತದೆಂದು ಯಡಿಯೂರಪ್ಪನವರು 2019ರಲ್ಲಿ ಸಾರಿದರು; 2023ರಲ್ಲಿ ಬಂದ ಸಿದ್ದರಾಮಯ್ಯನವರ ಸರ್ಕಾರ ಅದನ್ನು ನಿಲ್ಲಿಸಿತು. ಒಬ್ಬರು ಕೊಟ್ಟದ್ದು ಪಹಣಿಯವನಿಗೆ, ಇನ್ನೊಬ್ಬರು ಕಿತ್ತದ್ದೂ ಪಹಣಿಯವನಿಂದ. ವಾರದವನು ಇಬ್ಬರ ಕಣ್ಣಿಗೂ ಬೀಳಲಿಲ್ಲ.

ಏಕೆ ಬೀಳಲಿಲ್ಲ? ಕಾಗೋಡಿನ ಗೇಣಿದಾರರು 1951ರಲ್ಲಿ ಜೈಲಿಗೆ ಹೋದರು. ಅಂಥ ಹೋರಾಟಗಳ ಫಲವಾಗಿ 1974ರಲ್ಲಿ ದೇವರಾಜ ಅರಸರ ಕಾಲದ ತಿದ್ದುಪಡಿ ಗೇಣಿಯನ್ನು ರದ್ದು ಮಾಡಿತು. ಒಳ್ಳೆಯ ಕಾನೂನು, ಅದರಿಂದ ಭೂಮಿ ಪಡೆದವರು ಲಕ್ಷಾಂತರ ಮಂದಿ. ಈಗ ಅದೇ ಕಾನೂನನ್ನು ತಿರುಗಿಸಿ, ಗೇಣಿಯೇ ಇಲ್ಲದ ಮೇಲೆ ಗೇಣಿದಾರನೆಲ್ಲಿ ಬಂದ ಎನ್ನುತ್ತಾರೆ. ಕಾಗದದಲ್ಲಿ ಇಲ್ಲದವನು ಹೊಲದಲ್ಲಿ ಬೆವರು ಸುರಿಸುತ್ತಿದ್ದಾನಲ್ಲ!

ಗುರುತಿಸುವುದು ಕಷ್ಟವೆಂಬುದು ಎರಡನೆಯ ನೆಪ. ಒಡಿಶಾದವರು 2018ರ ಡಿಸೆಂಬರಿನಲ್ಲೇ ಕಾಲಿಯಾ ಯೋಜನೆಯಲ್ಲಿ ಪಾಲುಗಾರರನ್ನೂ ಭೂಹೀನರನ್ನೂ ಸೇರಿಸಿಕೊಂಡರು. ಆಂಧ್ರದವರು 2019ರ ಕಾನೂನಿನಲ್ಲಿ ಸಾಗುವಳಿದಾರನಿಗೆ 11 ತಿಂಗಳ ಪತ್ರ ಕೊಡುವ ಏರ್ಪಾಡು ಮಾಡಿದರು. ಅದರಿಂದ ಮಾಲೀಕನ ಹಕ್ಕಿಗೆ ಧಕ್ಕೆಯಿರಲಿಲ್ಲ. ಆದರೆ ಮಾಲೀಕನ ಸಹಿ ಬೇಕೆಂದರು, ಅಲ್ಲೇ ಎಡವಿದರು. ಸಹಿ ಕೇಳಲು ಹೋದವನಿಗೆ ಮುಂಗಾರಿಗೆ ಹೊಲವೇ ತಪ್ಪಿದರೆ? ನಮ್ಮ ಕಡೆಯವರ ಭಯವೂ ಇದೇ. ಹೆಸರು ಬರೆಸೋಣವೆಂದರೆ, "ಬ್ಯಾಡ ಮೇಷ್ಟ್ರೇ, ಇರೋದೂ ಹೋದಾತು" ಎನ್ನುತ್ತಾರೆ. ಅವರನ್ನು ಹೇಡಿಗಳೆನ್ನಲು ನಮಗೆ ಬಾಯಿ ಬರುವುದಿಲ್ಲ.

ಗಿರಣಿಯ ಗೆಳೆಯರು, ರೈತನಿಗೆ ಕೊಡುವುದು ನಮ್ಮ ತೆರಿಗೆಯಲ್ಲವೇ ಎಂದು ಗೊಣಗುವುದುಂಟು. ನಿಜ, ಸೋಪಿನ ತುಂಡಿಗೂ ನೀವು ತೆರಿಗೆ ಕೊಡುತ್ತೀರಿ. ಹಾಗಾದರೆ ಅದು ಯಾರ ಕೈ ಸೇರುತ್ತಿದೆಯೆಂದು ಕೇಳುವ ಹಕ್ಕೂ ನಿಮ್ಮದೇ. ನಿಮ್ಮಲ್ಲೇ ಎಷ್ಟು ಮಂದಿಯ ಅಣ್ಣತಮ್ಮಂದಿರು ಊರಿನಲ್ಲಿ ವಾರಕ್ಕೆ ಮಾಡುತ್ತಿಲ್ಲ?

ಇನ್ನು ಅಂಗಡಿಯವರು. ಯಾರ ಹೊಲವನ್ನು ಯಾರು ಮಾಡುತ್ತಾರೆಂಬುದು ಕಂದಾಯ ಇಲಾಖೆಗಿಂತ ನಿಮ್ಮ ಕಡದ ಪುಸ್ತಕಕ್ಕೆ ಚೆನ್ನಾಗಿ ಗೊತ್ತು. ಬಿತ್ತನೆಯ ಕಾಲದಲ್ಲಿ ಬರೆಸಿಕೊಂಡವನ ಹೆಸರೇ ಸಾಗುವಳಿದಾರನ ಹೆಸರು. ಮಾಲೀಕನ ಸಹಿಯಿಲ್ಲದೆ, ಊರವರ ಸಾಕ್ಷಿಯ ಮೇಲೆ, ಸಾಗುವಳಿಯ ಪಟ್ಟಿ ಬರೆಯಬೇಕೆಂದು ಗ್ರಾಮಸಭೆಯಲ್ಲಿ ಕೇಳಲಿದ್ದೇವೆ. ಒಂಟಿಯಾಗಿ ಅಲ್ಲ, ವಾರದವರೆಲ್ಲ ಒಂದೇ ದಿನ, ಒಂದೇ ಅರ್ಜಿಯಲ್ಲಿ. ಅಂದು ನಿಮ್ಮ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬರುವಿರಾ?