ವಿದ್ಯಾಲಯಗಳ ಆಡಳಿತ ಮಂಡಳಿಯೂ ನಿಹ್ನವ ದೋಷವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಜೈನ ಸಮಾಜವು ಕೊಟ್ಟ ಸ್ಥಾನ ಹಿರಿದಾದುದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ಕನ್ನಡ ನಾಡಿನ ಜೈನ ಮನೆತನಗಳು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. 1899ರಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ವಿದ್ಯಾರ್ಥಿ ವಸತಿಗೃಹಗಳನ್ನು ತೆರೆದುದೂ, 1919ರಲ್ಲಿ ಕರ್ಮವೀರ ಭಾವುರಾವ್ ಪಾಟೀಲರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದುದೂ ಇದೇ ಪರಂಪರೆಯ ಮುಂದುವರಿಕೆಯೇ. ಇಂದು ಅನೇಕ ಬಸದಿಗಳ ಹಾಗೂ ಮಂದಿರಗಳ ಟ್ರಸ್ಟುಗಳು ಶಾಲೆಗಳನ್ನು ನಡೆಸುತ್ತಿವೆ. ಕಟ್ಟಡಗಳೆದ್ದಿವೆ, ದಾನಿಗಳ ಹೆಸರಿನ ಶಿಲಾಫಲಕಗಳೂ ಎದ್ದಿವೆ. ಆದರೆ ಆ ಶಾಲೆಗಳ ಆಡಳಿತ ಮಂಡಳಿಯಲ್ಲಿ ಕುಳಿತಿರುವ ಸದಸ್ಯರಿಗೆ ತಮ್ಮ ಶಾಲೆಯ ವಿಷಯವಾಗಿ, ತಮ್ಮ ತಾಲ್ಲೂಕಿನ ಶಿಕ್ಷಣದ ವಿಷಯವಾಗಿ ಏನು ತಿಳಿದಿದೆ ಎಂದು ಕೇಳಿದರೆ ಬರುವ ಉತ್ತರವು ಲಜ್ಜಾಸ್ಪದವಾದುದು.

ಸಾಮಾನ್ಯವಾಗಿ ಸಭೆ ನಡೆಯುವ ರೀತಿ ಎಲ್ಲರಿಗೂ ಪರಿಚಿತ. ಸೂಚನಾಪತ್ರವು ಎರಡು ದಿನ ಮೊದಲು ಬರುತ್ತದೆ. ಕೆಲವು ಸಲ ದೂರವಾಣಿಯ ಕರೆಯೇ ಸೂಚನಾಪತ್ರವಾಗುತ್ತದೆ. ಹಿಂದಿನ ನಡಾವಳಿಯನ್ನು ಓದಿ ಸ್ಥಿರೀಕರಿಸುವುದು, ಖರ್ಚಿನ ಪಟ್ಟಿಗೆ ಮಂಜೂರಾತಿ, ವಾರ್ಷಿಕೋತ್ಸವದ ಅತಿಥಿ ಯಾರೆಂಬ ಚರ್ಚೆ, ಹೊಸ ಕೊಠಡಿಗೆ ದಾನಿಗಳ ಹುಡುಕಾಟ. ಇಷ್ಟು ಮುಗಿಯುವಷ್ಟರಲ್ಲಿ ಸೂರ್ಯಾಸ್ತಕ್ಕೆ ಮೊದಲು ಊಟ ಮಾಡಬೇಕಾದ ಹಿರಿಯರು ಎದ್ದು ನಿಲ್ಲುತ್ತಾರೆ. ಉಳಿದ ವಿಷಯಗಳನ್ನು ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ’ ಎಂಬ ಒಂದು ಸಾಲಿನಲ್ಲಿ ಕಾರ್ಯದರ್ಶಿಗಳು ಬರೆದುಕೊಳ್ಳುತ್ತಾರೆ. ಸದಸ್ಯರು ಸಹಿ ಮಾಡುತ್ತಾರೆ. ಮಕ್ಕಳ ಕಲಿಕೆ ಎಂಬ ಶಬ್ದವು ಆ ನಡಾವಳಿ ಪುಸ್ತಕದಲ್ಲಿ ವರ್ಷಕ್ಕೊಮ್ಮೆಯಾದರೂ ಬರುವುದೇ ಎಂಬುದು ಸಂಶಯ.

ಇದರ ಪರಿಣಾಮವನ್ನು ಇತ್ತೀಚಿನ ಕೆಲವು ಸಂಗತಿಗಳಿಂದಲೇ ಅಳೆಯಬಹುದು. ಕರ್ನಾಟಕದ ಎಸ್‌.ಎಸ್‌.ಎಲ್‌.ಸಿ. ಫಲಿತಾಂಶವು 2023ರಲ್ಲಿ ನೂರಕ್ಕೆ 83.89 ಇದ್ದುದು 2024ರಲ್ಲಿ 73.40ಕ್ಕೆ ಇಳಿಯಿತು. ಪರೀಕ್ಷಾ ಕೇಂದ್ರಗಳಲ್ಲಿ ಕ್ಯಾಮೆರಾಗಳನ್ನಿಟ್ಟು ನಕಲನ್ನು ತಡೆದ ವರ್ಷವದು. ಕೃಪಾಂಕದ ಪ್ರಮಾಣವನ್ನು ಹೆಚ್ಚಿಸಿದ ಮೇಲೂ ಫಲಿತಾಂಶ ಅಷ್ಟಕ್ಕೇ ನಿಂತಿತು. ಅದೇ ವರ್ಷ 5, 8, 9ನೆಯ ತರಗತಿಗಳ ಮೌಲ್ಯಾಂಕನ ಪರೀಕ್ಷೆಗಳು ನ್ಯಾಯಾಲಯದ ಮೆಟ್ಟಿಲೇರಿ, ಫಲಿತಾಂಶ ಪ್ರಕಟಣೆಗೆ ಸರ್ವೋಚ್ಚ ನ್ಯಾಯಾಲಯವು ತಡೆಯೊಡ್ಡಿತು. ಜೂನ್ 1ಕ್ಕೆ 6 ವರ್ಷ ತುಂಬಿದ ಮಗುವಿಗೆ ಮಾತ್ರ 1ನೆಯ ತರಗತಿಯೆಂಬ ನಿಯಮವು 2025–26ನೆಯ ಸಾಲಿಗೆ ಜಾರಿಗೆ ಬರಬೇಕಾಗಿತ್ತು. 2025ರ ಏಪ್ರಿಲ್‌ನಲ್ಲಿ ಆ ಸಾಲಿಗೆ ಮಾತ್ರ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಅವಧಿ ಉಳಿದಿರುವ ಶಿಕ್ಷಕರು 2 ವರ್ಷಗಳೊಳಗೆ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕೆಂದು ತೀರ್ಪಿತ್ತಿತು. ಅಲ್ಪಸಂಖ್ಯಾತರ ಶಾಲೆಗಳ ಪ್ರಶ್ನೆಯನ್ನು ಪುನಃ ಪರಿಶೀಲಿಸಬೇಕೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು.

ಇವುಗಳಲ್ಲಿ ಒಂದೊಂದೂ ಶಾಲೆಯ ಬಾಗಿಲಿಗೇ ಬಂದು ನಿಲ್ಲುವ ವಿಷಯ. ರಾಜ್ಯದ ಫಲಿತಾಂಶ ಹತ್ತು ಅಂಶ ಇಳಿದಾಗ ತಮ್ಮ ಶಾಲೆಯದು ಎಷ್ಟು ಇಳಿಯಿತು, ಯಾವ ವಿಷಯದಲ್ಲಿ ಇಳಿಯಿತು ಎಂದು ಎಷ್ಟು ಮಂಡಳಿಗಳು ಕೇಳಿದುವು? ಶಿಕ್ಷಕರಲ್ಲಿ ಎಷ್ಟು ಮಂದಿ ಅರ್ಹತಾ ಪರೀಕ್ಷೆ ಮುಗಿಸಿದ್ದಾರೆಂಬ ಪಟ್ಟಿ ಯಾವ ಸದಸ್ಯನ ಕೈಯಲ್ಲಿದೆ? ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಬಂದ ಸುತ್ತೋಲೆಗಳು ಮುಖ್ಯೋಪಾಧ್ಯಾಯರ ಮೇಜಿನಿಂದ ಕಾರ್ಯದರ್ಶಿಗಳ ಕಪಾಟಿಗೆ ಹೋಗಿ ಅಲ್ಲಿಯೇ ವಿಶ್ರಮಿಸುತ್ತವೆ. ಅನುದಾನಿತ ಶಾಲೆಯಲ್ಲಿ ಗಣಿತದ ಶಿಕ್ಷಕರು ನಿವೃತ್ತರಾಗಿ ಹುದ್ದೆ ಖಾಲಿ ಬಿದ್ದಿರುವುದು, ನೆರೆಯ ಊರಿನಲ್ಲಿ ಹೊಸ ಆಂಗ್ಲ ಮಾಧ್ಯಮ ಶಾಲೆ ತೆರೆದು ದಾಖಲಾತಿ ಕುಸಿಯುತ್ತಿರುವುದು, ಇವೆಲ್ಲ ಸದಸ್ಯರಿಗೆ ತಿಳಿಯುವ ಹೊತ್ತಿಗೆ ಶಾಲೆಯನ್ನು ಮುಚ್ಚುವ ಠರಾವೇ ಅವರೆದುರಿಗೆ ಬಂದಿರುತ್ತದೆ. ಅಜ್ಜಂದಿರು ಕಟ್ಟಿದ ಕನ್ನಡ ಶಾಲೆಯನ್ನು ಮೊಮ್ಮಕ್ಕಳು ಒಂದು ಸಂಜೆಯ ಸಭೆಯಲ್ಲಿ ಮುಚ್ಚುವುದು ಹೀಗೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ನಿಹ್ನವ, ಮಾತ್ಸರ್ಯ, ಅಂತರಾಯಗಳೂ ಸೇರಿವೆ. ತಿಳಿದುದನ್ನು ತಿಳಿದಿಲ್ಲವೆಂದು ಮುಚ್ಚಿಡುವುದು ನಿಹ್ನವ. ಇನ್ನೊಬ್ಬನೂ ತನ್ನ ಸಮಾನನಾದಾನೆಂಬ ಅಸೂಯೆಯಿಂದ ಯೋಗ್ಯನಿಗೂ ತಿಳಿಸದಿರುವುದು ಮಾತ್ಸರ್ಯ. ಜ್ಞಾನದ ಸಾಧನಗಳಿಗೆ ಅಡ್ಡಿಯೊಡ್ಡುವುದು ಅಂತರಾಯ. ಇಲಾಖೆಯ ಪತ್ರವನ್ನು ಕಪಾಟಿನಲ್ಲಿಟ್ಟು ‘ವಿಶೇಷವೇನೂ ಬಂದಿಲ್ಲ’ ಎನ್ನುವ ಪದಾಧಿಕಾರಿಯು ಈ ಮೂರರಲ್ಲಿ ಯಾವುದಕ್ಕೆ ಸೇರಿದವನೆಂಬುದನ್ನು ಅವನೇ ನಿರ್ಣಯಿಸಿಕೊಳ್ಳಬೇಕು.

ಸೂತ್ರವು ಹೇಳಿರುವುದು ಮೋಕ್ಷೋಪಯೋಗಿಯಾದ ಜ್ಞಾನವನ್ನು ಕುರಿತು, ಸರ್ಕಾರದ ಲೌಕಿಕ ಸುತ್ತೋಲೆಗಳನ್ನು ಕುರಿತಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ತಳ್ಳಿಹಾಕುವಂಥದಲ್ಲ. ಆದರೆ ಶಾಲೆಗಾಗಿ ವಂತಿಗೆ ಎತ್ತುವಾಗ ಅದನ್ನು ಜ್ಞಾನದಾನವೆಂದು ಕರೆದವರು ಯಾರು? ಕೊಡುವಾಗ ಅದು ಧರ್ಮ, ಲೆಕ್ಕ ಕೇಳಿದಾಗ ಅದು ವ್ಯವಹಾರ ಎಂಬ ನ್ಯಾಯ ಯಾವ ಶಾಸ್ತ್ರದಲ್ಲಿಯೂ ಇಲ್ಲ. ದಾನದ ಪುಣ್ಯವು ಶಾಲೆಗೆ ಸಲ್ಲುವುದಾದರೆ ಮುಚ್ಚಿಡುವುದರ ದೋಷವೂ ಅಲ್ಲಿಯೇ ಸಲ್ಲಬೇಕು.

ಎರಡನೆಯ ಸಮಾಧಾನ, ಸದಸ್ಯರು ವ್ಯಾಪಾರಸ್ಥರು, ಕೃಷಿಕರು, ಅವರಿಗೆ ಶಿಕ್ಷಣದ ಸೂಕ್ಷ್ಮಗಳು ಅರ್ಥವಾಗವು ಎಂಬುದು. ನಾಲ್ಕು ಪೇಟೆಗಳ ಅಡಿಕೆ ಧಾರಣೆಯನ್ನು ಬೆರಳ ತುದಿಯಲ್ಲಿ ಲೆಕ್ಕ ಹಾಕುವವನಿಗೆ ನಾಲ್ಕು ವರ್ಷಗಳ ದಾಖಲಾತಿಯ ಪಟ್ಟಿ ಅರ್ಥವಾಗದೆ? ಅರ್ಥವಾಗದೆಂಬ ಭಯಕ್ಕಿಂತ ಅರ್ಥವಾದೀತೆಂಬ ಭಯವೇ ಇಲ್ಲಿ ದೊಡ್ಡದು. ಮೂರನೆಯದು, ಎಲ್ಲವನ್ನೂ ಎಲ್ಲರಿಗೂ ತಿಳಿಸಿದರೆ ಪಂಗಡಗಳಾಗುತ್ತವೆ ಎಂಬುದು. ಪಂಗಡಗಳು ಹುಟ್ಟುವುದು ಗುಸುಗುಸುವಿನಿಂದ. ಕಾಗದದ ಮೇಲಿರುವ ಅಂಕಿಗಳಿಂದಲ್ಲ. ವಸ್ತುವಿಗೆ ಅನೇಕ ಮುಖಗಳಿವೆಯೆಂದು ಜಗತ್ತಿಗೆ ಬೋಧಿಸಿದ ಅನೇಕಾಂತದ ಅನುಯಾಯಿಗಳು, ತಮ್ಮ ಶಾಲೆಯ ಒಂದೇ ಮುಖವನ್ನು, ಅದೂ ಕಾರ್ಯದರ್ಶಿಗಳು ತೋರಿಸಿದ ಮುಖವನ್ನು, ಸತ್ಯವೆಂದು ಒಪ್ಪಿ ಸಹಿ ಹಾಕುವುದು ಎಂಥ ವಿಪರ್ಯಾಸ! ಒಬ್ಬ ಬಾಲಕನ ಅಥವಾ ಶಿಕ್ಷಕಿಯ ವೈಯಕ್ತಿಕ ವಿಷಯ ಗೋಪ್ಯವಾಗಿರಲಿ; ಶಾಲೆಯ ಸ್ಥಿತಿಗತಿ ಗೋಪ್ಯವಾಗಬೇಕಾಗಿಲ್ಲ.

ಕಾನೂನಿನ ಆಸರೆಯನ್ನು ಹಿಡಿಯುವವರೂ ಇದ್ದಾರೆ. ಸರ್ಕಾರಿ ಶಾಲೆಗಳಿಗೆ ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕೆಂದೂ, ಅರ್ಧದಷ್ಟು ಮಹಿಳೆಯರಿರಬೇಕೆಂದೂ ವಿಧಿಸಿತು. 2014ರ ಜನವರಿಯಲ್ಲಿ ಜೈನರು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿತರಾದರು. ಅದೇ ವರ್ಷದ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪು ಕೊಟ್ಟಿತು. ಸಂವಿಧಾನದ 30ನೆಯ ವಿಧಿಯು ಕೊಟ್ಟಿರುವುದು ಶಾಲೆಯನ್ನು ಸ್ಥಾಪಿಸಿ ನಡೆಸುವ ಹಕ್ಕು. ಅದು ಕತ್ತಲೆಯಲ್ಲಿ ನಡೆಸುವ ಹಕ್ಕಲ್ಲ. ಸರ್ಕಾರಿ ಶಾಲೆಯ ಸಮಿತಿಯಲ್ಲಿರುವ ಕೂಲಿಕಾರ ತಾಯಿಗೆ ಶಾಲೆಯ ವಿಚಾರವನ್ನು ಕೇಳುವ ಅಧಿಕಾರವನ್ನು ಕಾನೂನು ಕೊಟ್ಟಿರುವಾಗ, ಧರ್ಮದ ಹೆಸರಿನಲ್ಲಿ ನಡೆಯುವ ಶಾಲೆಯ ಸದಸ್ಯನಿಗೆ ಅಷ್ಟೂ ಇಲ್ಲವೆಂದರೆ ಆ ಧರ್ಮಕ್ಕೇ ಅಪಮಾನ.

ಈ ದೋಷವು ಪದಾಧಿಕಾರಿಗಳದು ಮಾತ್ರವೆಂದರೆ ಅರ್ಧಸತ್ಯವಾದೀತು. ಕೇಳದ ಸದಸ್ಯನೂ ನಿರ್ದೋಷಿಯಲ್ಲ. ಮಂಡಳಿಯ ಸ್ಥಾನವನ್ನು ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಕೆಳಗೆ ಅಚ್ಚು ಹಾಕಿಸುವುದಕ್ಕಾಗಿ ಪಡೆದವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಓದದೆ ಸಹಿ ಮಾಡುವುದು ಪ್ರಮಾದ. ಪ್ರಮಾದದಿಂದಾಗುವ ಹಾನಿಗೆ ಸದ್ಭಾವನೆಯು ಪರಿಹಾರವಲ್ಲ. ನೋಡದೆ ಹೆಜ್ಜೆಯಿಟ್ಟು ಇರುವೆಯನ್ನು ತುಳಿಯಬಾರದೆಂದು ಕಲಿತವನು, ನೋಡದೆ ಸಹಿ ಹಾಕಿ ಇನ್ನೂರು ಮಕ್ಕಳ ಭವಿಷ್ಯವನ್ನು ತುಳಿಯಬಹುದೆ?

ಮೂಡಬಿದಿರೆಯ ಸಿದ್ಧಾಂತ ಬಸದಿಯ ಇತಿಹಾಸದಲ್ಲಿ ಇದಕ್ಕೊಂದು ಪಾಠವಿದೆ. ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳನ್ನು ಅಲ್ಲಿಯ ಹಿರಿಯರು ಕಣ್ಣಿನಂತೆ ಕಾಪಾಡಿದರು. ಆ ಋಣ ತೀರುವಂಥದಲ್ಲ. ಆದರೆ ಬಹುಕಾಲ ಅವು ದರ್ಶನಕ್ಕೆ ಮಾತ್ರವಿದ್ದುವು, ಅಧ್ಯಯನಕ್ಕೆ ಒದಗಲಿಲ್ಲ. ಪ್ರತಿಗಳಾಗಿ, 1939ರಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾಗತೊಡಗಿದ ಮೇಲೆಯೇ ವಿದ್ವಾಂಸರಿಗೆಲ್ಲ ಅವು ಲಭ್ಯವಾದುವು. ಕಾಪಾಡುವುದು ಒಂದು ಪುಣ್ಯ, ತೆರೆದಿಡುವುದು ಇನ್ನೊಂದು. ಮೊದಲನೆಯದು ಎರಡನೆಯದರಿಂದಲೇ ಸಾರ್ಥಕ.

ಮಾಡಬೇಕಾದುದು ದುಸ್ಸಾಧ್ಯವೇನಲ್ಲ. ಇಂಗ್ಲೆಂಡಿನ ಸರ್ಕಾರಿ ನಿರ್ವಹಣೆಯ ಶಾಲೆಗಳಲ್ಲಿ ಸಭೆಗೆ ಪೂರ್ತಿ 7 ದಿನ ಮೊದಲೇ ವಿಷಯಸೂಚಿಯೂ ವರದಿಗಳೂ ಪ್ರತಿಯೊಬ್ಬ ಸದಸ್ಯನ ಕೈಸೇರಬೇಕೆಂಬುದು ನಿಯಮ. ಮಂಡಳಿಯು ಬೇಡಿದ ವರದಿಯನ್ನು ಮುಖ್ಯೋಪಾಧ್ಯಾಯರು ಕೊಡಲೇಬೇಕು. ಇದಕ್ಕೆ ಹಣ ಬೇಡ, ಮನಸ್ಸು ಬೇಕು. ಪ್ರತಿಯೊಂದು ಟ್ರಸ್ಟೂ ತನ್ನ ನಿಯಮಾವಳಿಯಲ್ಲಿ ಇದನ್ನು ಸೇರಿಸಿಕೊಳ್ಳಲಿ. ಮೂರು ತಿಂಗಳಿಗೊಮ್ಮೆ ಎರಡು ಪುಟಗಳ ಒಂದು ವರದಿ ಪ್ರತಿಯೊಬ್ಬ ಸದಸ್ಯನಿಗೂ ಹೋಗಲಿ: ದಾಖಲಾತಿ, ಹಾಜರಾತಿ, ಖಾಲಿ ಹುದ್ದೆಗಳು, ಪರೀಕ್ಷಾ ಫಲಿತಾಂಶ, ಇಲಾಖೆಯಿಂದ ಬಂದ ಸುತ್ತೋಲೆಗಳ ಸಾರ, ತಾಲ್ಲೂಕಿನ ಇತರ ಶಾಲೆಗಳ ಸ್ಥಿತಿ. ಸಭೆಯ ಮೊದಲ ಅರ್ಧ ಗಂಟೆ ಅದಕ್ಕೇ ಮೀಸಲಾಗಲಿ. ಅತಿಥಿಗಳ ಆಯ್ಕೆ ಕೊನೆಗಿರಲಿ. ಮಂಡಳಿಯಲ್ಲಿ ಇಬ್ಬರಾದರೂ ಪೋಷಕರು, ಅವರಲ್ಲಿ ಒಬ್ಬರು ತಾಯಿಯಾಗಿರಲಿ. ವರದಿ ಬಾರದ ಸಭೆಯ ನಡಾವಳಿಗೆ ಸಹಿ ಹಾಕುವುದಿಲ್ಲವೆಂದು ಸದಸ್ಯರು ಒಮ್ಮೆ ಹೇಳಿ ನೋಡಲಿ. ಕಪಾಟುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ.

ಲೇಖನಿಯಿಂದ ಒಂದೊಂದಾಗಿ ಬರೆಯಬೇಕಾದ ಕಾಲದಲ್ಲಿ ಅತ್ತಿಮಬ್ಬೆಯು ಒಂದು ಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳು. ಗುಂಡಿಯೊತ್ತಿದರೆ ಪ್ರತಿ ಬರುವ ಈ ಕಾಲದಲ್ಲಿ, ಒಂದು ಸುತ್ತೋಲೆಯ ಹನ್ನೊಂದು ಪ್ರತಿಗಳನ್ನು ತೆಗೆದು ಹನ್ನೊಂದು ಸದಸ್ಯರಿಗೆ ಮುಟ್ಟಿಸಲಾರದ ಟ್ರಸ್ಟುಗಳು, ಮಹಾವೀರ ಜಯಂತಿಯ ವೇದಿಕೆಯಲ್ಲಿ ಅವಳ ಹೆಸರನ್ನು ಎತ್ತುವ ಮೊದಲು ತಮ್ಮ ಕಪಾಟಿನ ಬೀಗವನ್ನು ತೆಗೆಯುವುದು ಲೇಸು.