ವಕೀಲ ಬಂದರೆ ಶಿಸ್ತು ಕೆಡುವುದೇ?

ಮೊಕದ್ದಮೆಗಳು ತಲೆಮಾರುಗಟ್ಟಲೆ ಎಳೆಯುವುದನ್ನು ಕಂಡು ಬೇಸತ್ತವರು ಸೇನೆಯತ್ತ ಕೈ ತೋರಿಸುತ್ತಾರೆ: ‘ಅಲ್ಲಿ ನೋಡಿ, ಕೋರ್ಟ್ ಮಾರ್ಷಲ್ ಆಯಿತೆಂದರೆ ಮುಗಿಯಿತು. ನ್ಯಾಯ ಅಂದರೆ ಹಾಗಿರಬೇಕು.’ ಈ ಮಾತಿನ ಹಿಂದಿರುವ ಸೇನೆಯ ಮೇಲಿನ ಗೌರವ ನನ್ನದೂ ಹೌದು. ಆ ಗೌರವವೇ ನನ್ನನ್ನು ಇದಕ್ಕೆ ತಲೆಯಾಡಿಸಲು ಬಿಡುವುದಿಲ್ಲ.

ಕೋರ್ಟ್ ಮಾರ್ಷಲ್ ಎಲ್ಲರಿಗೂ ಒಂದೇ ಬಗೆಯದಲ್ಲ. 1950ರ ಸೇನಾ ಕಾಯ್ದೆಯ ಪ್ರಕಾರ ಜನರಲ್ ಕೋರ್ಟ್ ಮಾರ್ಷಲ್‌ನಲ್ಲಿ ಕನಿಷ್ಠ ಐವರು ಅಧಿಕಾರಿಗಳು ಕೂರುತ್ತಾರೆ, ಕಾನೂನು ತಿಳಿಹೇಳಲು ಜಡ್ಜ್ ಅಡ್ವೊಕೇಟ್ ಇರುತ್ತಾರೆ, ಆರೋಪಿಯ ಪರವಾಗಿ ವಕೀಲರು ವಾದಿಸಬಹುದು. ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ ಕಮಾಂಡಿಂಗ್ ಆಫೀಸರ್ ಒಬ್ಬರೇ ನ್ಯಾಯಾಲಯ. ಜೊತೆಗೆ ಹಾಜರಿರುವ ಇಬ್ಬರಿಗೆ ತೀರ್ಪಿನಲ್ಲಿ ಪಾಲಿಲ್ಲ. ಕಮಾಂಡಿಂಗ್ ಆಫೀಸರ್ ಲೆಫ್ಟಿನೆಂಟ್ ಕರ್ನಲ್ ಅಥವಾ ಅದಕ್ಕೂ ಮೇಲಿನವರಾಗಿದ್ದರೆ ಒಂದು ವರ್ಷದವರೆಗೆ ಜೈಲು ವಿಧಿಸಬಹುದು, ಸೇವೆಯಿಂದ ವಜಾ ಮಾಡಬಹುದು. ಆರೋಪಿ ವಕೀಲರನ್ನು ಪಕ್ಕದಲ್ಲಿ ಇರಿಸಿಕೊಳ್ಳಬಹುದು, ನಿಜ. ಆದರೆ 1954ರ ನಿಯಮಗಳು ಆ ವಕೀಲರಿಗೆ ಸಲಹೆ ಕೊಡಲಷ್ಟೇ ಬಿಡುತ್ತವೆ. ಸಾಕ್ಷಿಯನ್ನು ಪ್ರಶ್ನಿಸುವಂತಿಲ್ಲ, ವಾದ ಮಂಡಿಸುವಂತಿಲ್ಲ. ಅಧಿಕಾರಿಗಳನ್ನಾಗಲಿ ಜೂನಿಯರ್ ಕಮಿಷನ್ಡ್ ಆಫೀಸರ್‌ಗಳನ್ನಾಗಲಿ (ಜೆಸಿಓ) ಈ ನ್ಯಾಯಾಲಯ ವಿಚಾರಿಸುವುದಿಲ್ಲ. ಇದು ಸಿಪಾಯಿ, ನಾಯಕ್, ಹವಾಲ್ದಾರರಿಗೆ ಮಾತ್ರ.

‘ಕಮಾಂಡಿಂಗ್ ಆಫೀಸರ್ ತನ್ನ ಹುಡುಗರನ್ನು ಬಲ್ಲರು, ಅನ್ಯಾಯ ಮಾಡಲಾರರು’ ಎನ್ನುವ ನಿವೃತ್ತ ಯೋಧರಿದ್ದಾರೆ. ಬಹುಪಾಲು ಅಧಿಕಾರಿಗಳ ವಿಷಯದಲ್ಲಿ ಇದು ಸತ್ಯವೇ ಇರಬಹುದು. ಆದರೆ 1985ರಲ್ಲಿ ಏನಾಯಿತು ನೋಡಿ. ಅಧಿಕಾರಿಯೊಬ್ಬರ ಮೇಲೆ ಸಿಗ್ನಲ್‌ಮ್ಯಾನ್ ಒಬ್ಬ ನೇರವಾಗಿ ಮೇಲಿನವರಿಗೆ ದೂರು ಬರೆದ. ಕ್ರಮ ತಪ್ಪಿದ್ದಕ್ಕೆ ಅವನಿಗೆ 28 ದಿನ ಸೆರೆವಾಸವಾಯಿತು. ಸೆರೆಯಲ್ಲಿದ್ದಾಗ ಊಟ ಮಾಡು ಎಂಬ ಆಜ್ಞೆ ಮೀರಿದನೆಂದು ಸಮರಿ ಕೋರ್ಟ್ ಮಾರ್ಷಲ್ ನಡೆಯಿತು: ಒಂದು ವರ್ಷ ಕಠಿಣ ಸಜೆ, ವಜಾ. ಅವನು ದೂರಿದ್ದ ಅಧಿಕಾರಿಯೂ ಆ ವಿಚಾರಣೆಯಲ್ಲಿ ಕುಳಿತಿದ್ದರು. 1987ರಲ್ಲಿ ಸುಪ್ರೀಂ ಕೋರ್ಟ್ ಪಕ್ಷಪಾತ ಮತ್ತು ಅತಿಶಿಕ್ಷೆಯ ಕಾರಣ ಕೊಟ್ಟು ಆ ಕೋರ್ಟ್ ಮಾರ್ಷಲ್ಲನ್ನೂ ಅದರ ಶಿಕ್ಷೆಯನ್ನೂ ರದ್ದು ಮಾಡಿತು. ತೀರ್ಪು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಅಷ್ಟರಲ್ಲಿ ಆ ಸೈನಿಕ ಜೈಲು ಅನುಭವಿಸಿ ಮುಗಿಸಿದ್ದ. ವೇಗದ ನ್ಯಾಯಕ್ಕೆ ಅವನು ತೆತ್ತ ಬೆಲೆ ಅದು.

ಯುದ್ಧಭೂಮಿಯಲ್ಲಿ ವಕೀಲರನ್ನು ಹುಡುಕುತ್ತಾ ಕೂರಲಾದೀತೇ ಎಂಬ ಪ್ರಶ್ನೆಗೆ ತೂಕವಿದೆ. ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸಲು ಸಂವಿಧಾನದ 33ನೇ ವಿಧಿಯೇ ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ಆದರೆ ಸಮರಿ ಕೋರ್ಟ್ ಮಾರ್ಷಲ್ ತಕ್ಷಣದ ಕ್ರಮ ಅನಿವಾರ್ಯವಾದಾಗ ಮಾತ್ರ ಬಳಸಬೇಕಾದ ಅಪವಾದವೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿಹಿಡಿದಿದೆ. ಶಾಂತಿಕಾಲದ ಕಂಟೋನ್ಮೆಂಟಿನಲ್ಲಿ ಅಂಥ ತುರ್ತು ಎಷ್ಟು ಸಲ ಬಂದೀತು? 1857ರ ಬಂಡಾಯದ ನಂತರ ಬ್ರಿಟಿಷರು ಭಾರತೀಯ ಸಿಪಾಯಿಯನ್ನು ಹತೋಟಿಯಲ್ಲಿಡಲು ತಂದ ವ್ಯವಸ್ಥೆ ಇದು. ನಮ್ಮ ನೌಕಾಪಡೆಯಲ್ಲಿ ಇದಿಲ್ಲ, ವಾಯುಪಡೆಯಲ್ಲೂ ಇಲ್ಲ. ಅಲ್ಲಿ ಶಿಸ್ತು ಕುಸಿದಿದೆಯೆಂದು ಯಾರಾದರೂ ಹೇಳಿಯಾರೇ?

ಕೋರ್ಟ್ ಮಾರ್ಷಲ್ ವಿರುದ್ಧ ಒಂದು ಮೇಲ್ಮನವಿಗೂ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟ್ 1982ರಲ್ಲೇ ಮರುಗಿತ್ತು. ಆ ಅವಕಾಶ ಕೊಡುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕಾಯ್ದೆ ಬರಲು 2007 ಆಗಬೇಕಾಯಿತು. ಅದು ಬಂದಮೇಲೂ ಸೇನೆಯ ಶಿಸ್ತು ಗಟ್ಟಿಯಾಗಿಯೇ ಇದೆ. ಈಗ ಇನ್ನೊಂದು ಹೆಜ್ಜೆ ಇಡಬೇಕು: ಜೈಲು ಅಥವಾ ವಜಾ ಎದುರಿಸುವ ಪ್ರತಿಯೊಬ್ಬ ಸಿಪಾಯಿಗೆ ಕಾನೂನು ಬಲ್ಲ, ಬಾಯ್ಬಿಟ್ಟು ವಾದಿಸುವ ಹಕ್ಕುಳ್ಳ ರಕ್ಷಕರೊಬ್ಬರನ್ನು ಸರ್ಕಾರವೇ ಕೊಡಬೇಕು. ತನ್ನ ಮಾತನ್ನು ಕೇಳಿ ತೀರ್ಪು ಕೊಟ್ಟರೆಂಬ ನಂಬಿಕೆಯಿದ್ದವನು ಶಿಕ್ಷೆಯನ್ನೂ ಒಪ್ಪುತ್ತಾನೆ, ಮರುದಿನದ ಆಜ್ಞೆಯನ್ನೂ ಪಾಲಿಸುತ್ತಾನೆ. ಶಿಸ್ತನ್ನು ಪ್ರೀತಿಸುವವರು ಮೊದಲು ಕೇಳಬೇಕಾದದ್ದು ಈ ಹಕ್ಕನ್ನೇ.